ಹಳೆ ಎಂಟಿಬಿ, ಲಂಗದ ಎಲಾಸ್ಟಿಕ್ ಮತ್ತು ಮೊದಲ ಟ್ರಯಥ್ಲಾನ್

ಸ್ಪ್ರಿಂಟ್ ಟ್ರಯಥ್ಲಾನ್ ಎಂದರೆ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಮೂರೂ ಒಂದರ ಹಿಂದೆ ಒಂದು. ನಡುವೆ ಬಿಡುವಿಲ್ಲ. ಒದ್ದೆ ಕಾಲಿಗೆ ಶೂ ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿದಾಗ ಇಟ್ಟ ದೂರ ಇದರ ಸರಿಯಾಗಿ ಎರಡರಷ್ಟು. ಐರನ್‌ಮ್ಯಾನ್ ಅನ್ನುವುದು ಬೇರೆಯೇ ಲೋಕ: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ ಒಂದು ಪೂರ್ತಿ ಮ್ಯಾರಥಾನ್. ನಾನು ಬರೆಯುತ್ತಿರುವುದು ಆ ಚಿಕ್ಕದರ ಬಗ್ಗೆ, ಅದೂ ಕಡಿಮೆ ಖರ್ಚಿನಲ್ಲಿ ಮುಗಿಸಿದ್ದರ ಬಗ್ಗೆ.

ನಾನು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಓಡುವ ಅಭ್ಯಾಸ ಮೊದಲಿನಿಂದ ಇತ್ತು. ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿ, ಮಂಗಳೂರಿನ ತಣ್ಣೀರುಬಾವಿ ಕಡಲತೀರದಲ್ಲಿ ಒಂದು ಸ್ಪ್ರಿಂಟ್ ಇದೆ, ಹೆಸರು ಕೊಡೋಣ ಅಂದ. ಜೊತೆಗೆ ಬೇಕಾಗುವ ಸಾಮಾನಿನ ಪಟ್ಟಿಯನ್ನೂ ಕಳಿಸಿದ. ತೆಳು ಟೈರಿನ ರೋಡ್ ಬೈಕ್, ಪೆಡಲ್ಲಿಗೆ ಸಿಕ್ಕಿಸುವ ಕ್ಲಿಪ್ ಶೂ, ಮೂರೂ ಆಟಕ್ಕೆ ಒಂದೇ ಉಡುಪಾದ ಟ್ರೈ ಸೂಟ್, ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ವೆಟ್‌ಸೂಟ್, ಜಿಪಿಎಸ್ ವಾಚ್, ಶಕ್ತಿಗೆ ನುಂಗುವ ಜೆಲ್ ಪ್ಯಾಕೆಟ್ಟು. ಕೂಡಿ ನೋಡಿದರೆ ನನ್ನ ಕೆಲವು ತಿಂಗಳ ಸಂಬಳ. ನನ್ನ ಹತ್ತಿರ ಇದ್ದದ್ದು ಓಟದ ಶೂ ಮತ್ತು ಅಕ್ಕನ ಮಗ ಕಾಲೇಜಿಗೆ ಹೋಗುವಾಗ ನಮ್ಮ ಮನೆಯಲ್ಲಿ ಬಿಟ್ಟುಹೋದ 26 ಇಂಚಿನ ಎಂಟಿಬಿ, ಅಂದರೆ ಮಣ್ಣುದಾರಿಗೆ ಮಾಡಿದ ಮೌಂಟನ್ ಬೈಕ್ ಸೈಕಲ್ಲು.

ಆ ಪಟ್ಟಿಯನ್ನು ಎರಡು ಭಾಗ ಮಾಡಿದೆ. ಇಲ್ಲದಿದ್ದರೆ ಜೀವಕ್ಕೆ ಕುತ್ತು ಬರುವ ವಸ್ತು ಒಂದು ಕಡೆ. ಇಲ್ಲದಿದ್ದರೆ ಬರೀ ಕೆಲವು ನಿಮಿಷ ತಡವಾಗುವ ವಸ್ತು ಇನ್ನೊಂದು ಕಡೆ. ಮೊದಲನೇ ಭಾಗಕ್ಕೆ ಬಂದದ್ದು ಈಜು ಕಲಿಸುವವರ ಫೀಜು, ಹೆಲ್ಮೆಟ್ಟು, ಸೈಕಲ್ಲಿನ ಬ್ರೇಕು ಮತ್ತು ಟೈರು. ಅದರಲ್ಲಿ ಚೌಕಾಸಿ ಮಾಡಬಾರದು ಅಂದುಕೊಂಡೆ. ಮಿಕ್ಕಿದ್ದೆಲ್ಲ ಎರಡನೇ ಭಾಗ. ವೆಟ್‌ಸೂಟು ಎರಡರಲ್ಲೂ ಬರಲಿಲ್ಲ. ಅದು ತಣ್ಣೀರಿನ ದೇಶದವರಿಗೆ. ನೀರು ಬೆಚ್ಚಗಿದ್ದರೆ ಅದನ್ನು ಹಾಕುವ ಹಾಗೇ ಇಲ್ಲ ಅನ್ನುತ್ತದೆ ನಿಯಮ. ನಮ್ಮ ಅರಬ್ಬಿ ಸಮುದ್ರದಲ್ಲಿ ಅದನ್ನು ಹಾಕಿಕೊಂಡರೆ ಬೆಂದು ಹೋಗುತ್ತೇವೆ, ಅಷ್ಟೇ.

ನಾನು ಈಜು ಕಲಿತದ್ದು ಮಂಡ್ಯದ ಕಡೆ ನಮ್ಮೂರಿನ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಚಿಕ್ಕಪ್ಪ ಮೇಲಿನಿಂದ ತಳ್ಳಿದ್ದರು. ಆ ಈಜಿನಲ್ಲಿ ತಲೆ ಸದಾ ನೀರಿನ ಮೇಲೆ. ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಕೈ ಹೊಡೆದರೆ ಬಾವಿ ಮುಗಿಯಿತು. ದೂರದ ಈಜಿಗೆ ಅದು ಒಗ್ಗುವುದಿಲ್ಲ. ತಲೆ ಎತ್ತಿದಷ್ಟೂ ಸೊಂಟ ಮತ್ತು ಕಾಲು ಕೆಳಕ್ಕೆ ಇಳಿಯುತ್ತವೆ. ಇಳಿದ ಕಾಲನ್ನು ಎಳೆದುಕೊಂಡು ಹೋಗುವುದರಲ್ಲೇ ಉಸಿರು ಮುಗಿಯುತ್ತದೆ.

ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಸೇರಿದೆ. ಬೆಳಗಿನ ಹೊತ್ತು ಅಲ್ಲಿ ಅಜ್ಜಂದಿರು, ಶಾಲೆ ಮಕ್ಕಳು, ನನ್ನಂಥ ಅರೆಬರೆ ಈಜುಗಾರರು ಎಲ್ಲ ಇರುತ್ತಾರೆ. ನನಗೆ ಹೇಳಿಕೊಟ್ಟವರು ನನಗಿಂತ ಚಿಕ್ಕ ವಯಸ್ಸಿನವರು. ಮೊದಲು ಒಂದು ಉದ್ದ ಈಜಿಸಿ ನೋಡಿದರು. ಆಮೇಲೆ, ‘ಸರ್, ನಿಮಗೆ ಧೈರ್ಯ ಇದೆ, ಉಸಿರಾಟ ಇಲ್ಲ’ ಅಂದರು. ಅಲ್ಲಿಂದ ಕೆಲವು ದಿನ ಕೈ ಹೊಡೆಯಲು ಬಿಡಲೇ ಇಲ್ಲ. ಗೋಡೆ ಹಿಡಿದುಕೊಂಡು ಮುಖ ಮುಳುಗಿಸಿ ಗುಳ್ಳೆ ಬಿಡುವುದು, ಪಕ್ಕಕ್ಕೆ ತಿರುಗಿ ಉಸಿರು ಎಳೆಯುವುದು, ಮತ್ತೆ ಮುಖ ಮುಳುಗಿಸುವುದು. ಇಷ್ಟೇ ಕೆಲಸ.

ಇದರ ಗುಟ್ಟು ಗೊತ್ತಾದ ಮೇಲೆ ನನಗೆ ಈಜಿನ ಮೇಲಿದ್ದ ಅರ್ಧ ಹೆದರಿಕೆ ಹೋಯಿತು. ನೀರಿನಲ್ಲಿ ಏದುಸಿರು ಬರುವುದು ಗಾಳಿ ಸಾಲದೆ ಅಲ್ಲ, ಒಳಗಿನ ಗಾಳಿಯನ್ನು ಬಿಡದೆ. ಹೆದರಿದವನು ಉಸಿರು ಕಟ್ಟುತ್ತಾನೆ. ಕಟ್ಟಿದ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದು ಏರಿದರೆ ಎದೆ ಒಡೆಯುವ ಹಾಗೆ ಆಗುತ್ತದೆ. ಮುಖ ಮೇಲೆ ಬಂದ ಆ ಅರೆಕ್ಷಣದಲ್ಲಿ ಬಿಡುವುದೂ ಎಳೆಯುವುದೂ ಎರಡೂ ಆಗಬೇಕು ಅಂದರೆ ಯಾವುದೂ ಆಗುವುದಿಲ್ಲ. ಬಿಡುವ ಕೆಲಸ ನೀರೊಳಗೇ ಮುಗಿದಿರಬೇಕು. ಮನೆಯಲ್ಲಿ ಬಚ್ಚಲಿನ ಬಕೆಟ್‌ನಲ್ಲಿ ಮುಖ ಇಟ್ಟು ‘ಹೂಂ’ ಅಂತ ಮೂಗಿನಿಂದ ಬಿಡುವುದನ್ನು ಅಭ್ಯಾಸ ಮಾಡಿದೆ. ‘ರೀ, ಬಕೆಟ್ ಜೊತೆ ಏನು ಜಗಳ ಆಡ್ತಾ ಇದೀರಾ?’ ಅಂತ ಹೆಂಡತಿ ಬಾಗಿಲು ಬಡಿದಳು. ಬಿಟ್ಟಿ ತರಬೇತಿ ಅದು. ಯಾರು ಬೇಕಾದರೂ ಮಾಡಬಹುದು.

ಆಮೇಲೆ ಪಕ್ಕದ ಉಸಿರು. ತಲೆ ಎತ್ತಬಾರದು, ಮೈ ಹೊರಳಿದ ಜೊತೆಗೆ ತಲೆಯೂ ಹೊರಳಬೇಕು. ಗಾಗಲ್ಲಿನ ಒಂದು ಗಾಜು ನೀರೊಳಗೇ ಇರಬೇಕು, ಇನ್ನೊಂದು ಹೊರಗೆ ಬರಬೇಕು. ಎರಡೂ ಗಾಜು ಹೊರಗೆ ಬಂದರೆ ತಲೆ ಜಾಸ್ತಿ ಎದ್ದಿದೆ ಅಂತ ಅರ್ಥ. ಈ ಒಂದು ಗುರುತು ಇಟ್ಟುಕೊಂಡರೆ ಕನ್ನಡಿ ಬೇಡ, ವಿಡಿಯೋ ಬೇಡ. ಗಾಗಲ್ ಕೊಳ್ಳುವಾಗಲೂ ಒಂದು ಉಪಾಯ ಇದೆ. ಪಟ್ಟಿ ಹಾಕದೆ ಬರೀ ಕಣ್ಣಿಗೆ ಒತ್ತಿ ಕೈ ಬಿಡಬೇಕು. ಒಂದೆರಡು ಸೆಕೆಂಡ್ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖಕ್ಕೆ ಸರಿ. ನನಗೆ ಸರಿಯಾದದ್ದು ₹450ರದ್ದು, ಪಕ್ಕದಲ್ಲೇ ಇದ್ದ ಎರಡು ಸಾವಿರದ್ದು ಸೋರುತ್ತಿತ್ತು.

50 ಮೀಟರ್ ಕೊಳವಾದರೆ 15 ಉದ್ದಕ್ಕೆ 750 ಮೀಟರ್. ಮೊದಲು ಒಂದೊಂದು ಉದ್ದಕ್ಕೂ ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ಆಮೇಲೆ ಎರಡಕ್ಕೆ, ಆಮೇಲೆ ನಾಲ್ಕಕ್ಕೆ. ಒಂದು ಹಂತದಲ್ಲಿ, ನಿಧಾನವಾಗಿ ಹೋದರೆ ನಿಲ್ಲಬೇಕಾಗಿಲ್ಲ ಅಂತ ಮೈಗೇ ಗೊತ್ತಾಯಿತು. ಓಟದಲ್ಲಿ ಸುಸ್ತಾದರೆ ನಡೆಯುತ್ತೇವಲ್ಲ, ಈಜಿನಲ್ಲಿ ಆ ನಡಿಗೆಯ ವೇಗವನ್ನು ಹುಡುಕಿಕೊಳ್ಳಬೇಕು. ಸುಸ್ತಾದರೆ ಕಪ್ಪೆ ಈಜಿಗೆ ಬದಲಾಯಿಸಬಹುದು. ಟ್ರಯಥ್ಲಾನ್‌ನಲ್ಲಿ ಇಂಥದ್ದೇ ಈಜು ಅನ್ನುವ ಕಟ್ಟಳೆ ಇಲ್ಲ.

ಸಮುದ್ರಕ್ಕೆ ಮೈಸೂರಿನಲ್ಲಿ ಎಲ್ಲಿಂದ ಅಭ್ಯಾಸ ತರುವುದು? ‘ಕೆ.ಆರ್.ಎಸ್. ಹಿನ್ನೀರಿಗೆ ಹೋಗು, ವಿ.ಸಿ. ನಾಲೆಗೆ ಇಳಿ’ ಅಂದವರು ಇದ್ದರು. ಮಂಡ್ಯದ ಕಡೆಯವನಾದ ನನಗೆ ನಾಲೆಯ ಗುಣ ಗೊತ್ತು. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ. ಕಟ್ಟಿದ ಏರಿ ಪಾಚಿ ಹಿಡಿದು ಜಾರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಈಜು ಬರುವವರೇ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಹಾಗಾಗಿ ಸಮುದ್ರದ ಪಾಠವನ್ನೂ ಕೊಳದಲ್ಲೇ ಮಾಡಿದೆ. ಏಳೆಂಟು ಕೈಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ಎತ್ತಿ ಮುಂದೆ ನೋಡುವುದು, ತಕ್ಷಣ ಪಕ್ಕಕ್ಕೆ ಹೊರಳಿ ಉಸಿರು ತೆಗೆದುಕೊಳ್ಳುವುದು. ಕೊಳದ ಆಚೆ ಕಾಣುವ ಒಂದು ನೀರಿನ ಟ್ಯಾಂಕು ನನ್ನ ಗುರಿ. ಜನ ಇಲ್ಲದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಹತ್ತು ಕೈ ಹೊಡೆದು, ಎತ್ತ ಕಡೆ ವಾಲುತ್ತೇನೆ ಅಂತ ನೋಡಿಕೊಂಡೆ. ನಾನು ಎಡಕ್ಕೆ ವಾಲುವವನು. ಸಮುದ್ರದ ತಳದಲ್ಲಿ ಕಪ್ಪು ಗೆರೆ ಎಳೆದಿರುವುದಿಲ್ಲ, ಇದು ಗೊತ್ತಿದ್ದರೆ ಬಲಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಬಹುದು.

ಇನ್ನು ಸೈಕಲ್ಲು. ಇದರ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ, ಕೆಲಸವೇ ಅಂಥದ್ದು.

ಹಳೆ ಎಂಟಿಬಿಯನ್ನು ನಿಧಾನ ಮಾಡುವ ಮೊದಲ ವಸ್ತು ಅದರ ಮೈತುಂಬ ಉಬ್ಬುಗಳಿರುವ ಟೈರು. ಮಣ್ಣಿನಲ್ಲಿ ಕಚ್ಚಿ ಹಿಡಿಯಲು ಮಾಡಿದ್ದು ಅದು, ಡಾಂಬರಿನ ಮೇಲೆ ಗೊರಗೊರ ಸದ್ದು ಮಾಡಿಕೊಂಡು ಶಕ್ತಿ ತಿನ್ನುತ್ತದೆ. ನಮ್ಮ ಬಡಾವಣೆಯ ಸೈಕಲ್ ಶಾಪಿನ ಭಾಯ್ ಹತ್ತಿರ ಹೋಗಿ ಸಪಾಟು ಟೈರು ಕೇಳಿದೆ. ‘ಏನ್ ಸಾರ್, ಹುಡುಗ್ರೆಲ್ಲ ದಪ್ಪ ಟೈರ್ ಬೇಕು ಅಂತಾರೆ, ನೀವು ತೆಳ್ಳಗಿಂದು ಕೇಳ್ತೀರಾ’ ಅಂತ ನಕ್ಕರು. 26 ಇಂಚಿನ ರಿಮ್ಮಿಗೇ ಕೂರುವ 1.5 ಇಂಚು ಅಗಲದ ನುಣುಪು ಟೈರನ್ನು ಎರಡು ದಿನ ಬಿಟ್ಟು ತರಿಸಿಕೊಟ್ಟರು. ಟ್ಯೂಬು ಸೇರಿ ಎರಡಕ್ಕೆ ₹1,100. ಟೈರಿನ ಪಕ್ಕದಲ್ಲಿ ಅದು ಎಷ್ಟು ಗಾಳಿ ತಡೆಯುತ್ತದೆ ಅಂತ ಬರೆದಿರುತ್ತದೆ, ಯಾರೂ ಓದುವುದಿಲ್ಲ. ನನ್ನದರ ಮೇಲೆ 65 ಪಿಎಸ್‌ಐ ಅಂತ ಇತ್ತು. ಹೆಬ್ಬೆರಳಿನಲ್ಲಿ ಒತ್ತಿ ‘ಸಾಕು’ ಅನ್ನುವ ಅಂದಾಜು ಬಿಟ್ಟು, ಮೀಟರ್ ನೋಡಿ ಅಷ್ಟಕ್ಕೆ ತುಂಬಿಸಿದೆ. ಆ ದಿನ ರಿಂಗ್ ರಸ್ತೆಯಲ್ಲಿ ಹೊರಟಾಗ ಇದು ಅದೇ ಸೈಕಲ್ಲಾ ಅನ್ನಿಸಿತು.

ಮಿಕ್ಕ ಕೆಲಸ ನಾನೇ ಮಾಡಿದೆ. ಚೈನನ್ನು ಸೀಮೆಎಣ್ಣೆ ಮತ್ತು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಣಗಿಸಿ, ಒಂದೊಂದು ಕೊಂಡಿಗೂ ಹೊಲಿಗೆ ಮಿಷಿನ್ ಎಣ್ಣೆಯನ್ನು ಒಂದೊಂದೇ ಹನಿ ಬಿಟ್ಟೆ. ಎಣ್ಣೆ ಇರಬೇಕಾದ್ದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ಬರೀ ಧೂಳು ಹಿಡಿಯುತ್ತದೆ, ಅದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಎರಡೂ ಚಕ್ರದ ನಡುವಿನ ಹಬ್ಬು ಬಿಚ್ಚಿದರೆ ಒಳಗೆ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿತ್ತು. ಬಾಲ್ಸ್ ಅನ್ನುವ ಉಕ್ಕಿನ ಗುಂಡುಗಳನ್ನು ಬದಲಾಯಿಸಿ, ಹೊಸ ಗ್ರೀಸ್ ತುಂಬಿ, ಅವನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡಿದೆ. ಕೋನ್ ಬಿಗಿಯುವುದು ಕೈಹದ. ಜಾಸ್ತಿ ಬಿಗಿದರೆ ಚಕ್ರ ತಡೆಯುತ್ತದೆ, ಸಡಿಲವಾದರೆ ಅಲ್ಲಾಡುತ್ತದೆ. ಚಕ್ರವನ್ನು ಮೇಲೆತ್ತಿ ಸುಮ್ನೆ ಬಿಟ್ಟಾಗ ವಾಲ್ವಿನ ಭಾರಕ್ಕೇ ಅದು ತಾನಾಗಿ ತಿರುಗಿ ಕೆಳಗೆ ಬಂದು ನಿಲ್ಲಬೇಕು. ಹಾಗೆ ನಿಂತರೆ ಬೇರಿಂಗ್ ಸರಿ ಇದೆ ಅಂತ ಲೆಕ್ಕ. ರಿಮ್ಮಿನ ಬೆಂಡನ್ನು ಮಾತ್ರ ಭಾಯ್ ತೆಗೆದುಕೊಟ್ಟರು. ಕಡ್ಡಿ ಬಿಗಿಯುವಾಗ ಅದರ ಸದ್ದು ಕೇಳುವ ಅವರ ಕಿವಿಗೆ ನನ್ನ ಕಣ್ಣು ಸಮವಲ್ಲ.

ದುಡ್ಡೇ ಇಲ್ಲದೆ ಆಗುವ ಇನ್ನೊಂದು ಕೆಲಸ ಸೀಟಿನ ಎತ್ತರ. ನಮ್ಮಲ್ಲಿ ಮುಕ್ಕಾಲು ಜನ ಸೀಟು ಇಳಿಸಿಕೊಂಡು, ಮೊಣಕಾಲು ಎದೆಗೆ ಬಡಿಯುವಂತೆ ತುಳಿಯುತ್ತಾರೆ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪ ಮಡಚಿರುತ್ತದೆ. ಅದೇ ಹದ. ಮಂಡಿ ನೋವು ಅಂತ ದೂರುವ ಎಷ್ಟೋ ಜನರಿಗೆ ನಾನು ಇದನ್ನೇ ಹೇಳುವುದು.

ಹೆಲ್ಮೆಟ್ಟು ಹೊಸದೇ ಕೊಂಡೆ, ₹1,300. ಅದನ್ನು ಮಾತ್ರ ಯಾರಿಂದಲೂ ಹಳೆಯದು ತೆಗೆದುಕೊಳ್ಳಬಾರದು. ಒಂದು ಸಲ ಪೆಟ್ಟು ತಿಂದ ಒಳಗಿನ ಥರ್ಮಾಕೋಲು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಬ್ರೇಕ್ ಶೂ ನಾಲ್ಕೂ ಬದಲಾದವು.

ನಂಜನಗೂಡು ಮೈಸೂರಿನಿಂದ 20 ಕಿಲೋಮೀಟರಿಗಿಂತ ತುಸು ಜಾಸ್ತಿ. ಹಾಗಾಗಿ ರಜೆಯ ಬೆಳಿಗ್ಗೆ ಅಲ್ಲಿಗೆ ಹೋದರೆ ಒಂದು ರೇಸಿನ ದೂರ ಆಯಿತು. ದೇವಸ್ಥಾನದ ಹತ್ತಿರ ಇಡ್ಲಿ ತಿಂದು ವಾಪಸು ಬಂದರೆ ಇನ್ನೊಂದು. ‘ಚಾಮುಂಡಿ ಬೆಟ್ಟ ಹತ್ತಲಿಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಮೈಸೂರಿನಲ್ಲಿ ಸೈಕಲ್ ತುಳಿಯುವವರು ಬೆಟ್ಟ ಹತ್ತದಿದ್ದರೆ ಲೆಕ್ಕಕ್ಕಿಲ್ಲ. ನನ್ನ ರೇಸು ಕಡಲ ತೀರದ ಸಪಾಟು ರಸ್ತೆಯಲ್ಲಿ. ಅಲ್ಲಿ ಬೇಕಾದ್ದು ಒಂದೇ ಹದದಲ್ಲಿ ಮುಕ್ಕಾಲು ಗಂಟೆಗೂ ಜಾಸ್ತಿ ತುಳಿಯುವ ಕಾಲು. ಬೆಟ್ಟವನ್ನು ಆಸೆಗೆ ಹತ್ತಿದ್ದೇನೆ, ತಯಾರಿಗೆ ಅಂತ ಹತ್ತಲಿಲ್ಲ.

ಓಟದ ಬಗ್ಗೆ ಹೇಳಲು ಹೆಚ್ಚಿಲ್ಲ. 5 ಕಿಲೋಮೀಟರ್ ಓಡಬಲ್ಲವರು ಹೊಸದಾಗಿ ಕಲಿಯಬೇಕಾದ್ದು ಒಂದೇ, ಸೈಕಲ್ ಇಳಿದ ಕೂಡಲೇ ಓಡುವುದು. ಇದಕ್ಕೆ ಬ್ರಿಕ್ ಅಂತಾರೆ. ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸೈಕಲ್ಲಿಗೆ ಬೀಗ ಹಾಕಿ, ಹಾಗೇ ಏರಿಯ ಮೇಲೆ ಓಡುತ್ತಿದ್ದೆ. ಮೊದಲ ಕೆಲವು ನಿಮಿಷ ತೊಡೆ ಮಾತು ಕೇಳುವುದಿಲ್ಲ, ಕಾಲು ಇನ್ನೂ ಪೆಡಲ್ ತುಳಿಯುತ್ತಲೇ ಇರುತ್ತದೆ. ಆಮೇಲೆ ದಾರಿಗೆ ಬರುತ್ತದೆ. ಇದು ಹೀಗೇ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ರೇಸಿನ ದಿನ ಗಾಬರಿ ಆಗುವುದಿಲ್ಲ.

ಸಣ್ಣಪುಟ್ಟದ್ದರಲ್ಲಿ ಉಳಿಸಿದ ದುಡ್ಡೇ ನನಗೆ ಜಾಸ್ತಿ ಖುಷಿ ಕೊಟ್ಟದ್ದು. ರೇಸಿನಲ್ಲಿ ನಂಬರಿನ ಚೀಟಿ ಸೈಕಲ್ ಮೇಲೆ ಬೆನ್ನಿಗೆ, ಓಟದಲ್ಲಿ ಹೊಟ್ಟೆಗೆ ಕಾಣಬೇಕು ಅನ್ನುತ್ತಾರೆ. ಅದಕ್ಕೆ ರೇಸ್ ಬೆಲ್ಟ್ ಅಂತ ನಾನ್ನೂರು ಐನೂರು ರೂಪಾಯಿಗೆ ಮಾರುತ್ತಾರೆ. ನಾನು ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಲಂಗಕ್ಕೆ ಹಾಕುವ ಎಲಾಸ್ಟಿಕ್ ತಂದೆ. ಹೆಂಡತಿ ಸೊಂಟದ ಅಳತೆಗೆ ಹೊಲಿದು, ಎರಡು ಪಿನ್ನು ಚುಚ್ಚಿ ಕೊಟ್ಟಳು. ತಿರುಗಿಸಿದರೆ ಹಿಂದಕ್ಕೂ ಹೋಗುತ್ತದೆ, ಮುಂದಕ್ಕೂ ಬರುತ್ತದೆ. ಅದೇ ಅಂಗಡಿಯ ದುಂಡನೆಯ ತೆಳು ಎಲಾಸ್ಟಿಕ್ ಶೂ ದಾರವಾಯಿತು. ಗಂಟು ಬಿಚ್ಚದೆ ಕಾಲು ತೂರಿಸಬಹುದು. ಜೆಲ್ ಬದಲು ಬಾಳೆಹಣ್ಣು ಮತ್ತು ಕಡ್ಲೆ ಮಿಠಾಯಿ. ಎರಡು ಗಂಟೆಯೊಳಗಿನ ಆಟಕ್ಕೆ ಅದೇ ಹೆಚ್ಚು. ಕುಡಿಯಲು ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಸಣ್ಣ ಟೀ ಚಮಚದ ಲೆಕ್ಕದಲ್ಲಿ. ವಾಂತಿ ಭೇದಿಗೆ ಮನೆಯಲ್ಲಿ ಕಲೆಸುತ್ತಾರಲ್ಲ, ಅದೇ. ಉಜ್ಜುವ ಜಾಗಕ್ಕೆ ಕೊಬ್ಬರಿ ಎಣ್ಣೆ.

ಬಟ್ಟೆಗೆ ಮಾತ್ರ ತಲೆ ಓಡಿಸಬೇಕಾಯಿತು. ಸೈಕಲ್ ಮತ್ತು ಓಟದಲ್ಲಿ ಎದೆ, ಬೆನ್ನು ಮುಚ್ಚಿರಬೇಕು ಅನ್ನುವುದು ನಿಯಮ. ಈಜಿ ಬಂದು ಟೀ ಶರ್ಟ್ ಹಾಕಿಕೊಳ್ಳೋಣ ಅಂತ ಮನೆಯಲ್ಲೇ ತಲೆಗೆ ನೀರು ಹೊಯ್ದುಕೊಂಡು ಪ್ರಯೋಗ ಮಾಡಿದೆ. ಒದ್ದೆ ಬೆನ್ನಿನ ಮೇಲೆ ಅದು ಹಗ್ಗದಂತೆ ಸುತ್ತಿಕೊಂಡು ಹೆಗಲ ಹತ್ತಿರ ನಿಂತುಬಿಡುತ್ತದೆ. ಎಳೆದಷ್ಟೂ ಬಿಗಿಯುತ್ತದೆ. ಅದಕ್ಕೇ ಮೈಗೆ ಅಂಟುವ ತೋಳಿಲ್ಲದ ಬನಿಯನ್ ಮತ್ತು ಮೊಣಕಾಲಿನವರೆಗಿನ ಈಜಿನ ಚಡ್ಡಿಯನ್ನು ಮೊದಲಿಂದ ಕೊನೆಯವರೆಗೂ ಹಾಕಿಕೊಂಡೇ ಇರುವುದು ಅಂತ ತೀರ್ಮಾನ ಮಾಡಿದೆ. ಟ್ರೈ ಸೂಟ್ ಮಾಡುವುದೂ ಇದೇ ಕೆಲಸ.

ರೇಸಿನ ಹಿಂದಿನ ದಿನ ಗೆಳೆಯನ ಇನ್ನೊಬ್ಬ ಸ್ನೇಹಿತರ ಓಮ್ನಿಯಲ್ಲಿ ಮಡಿಕೇರಿ, ಸಂಪಾಜೆ, ಪುತ್ತೂರು ದಾರಿಯಾಗಿ ಮಂಗಳೂರಿಗೆ ಹೋದೆವು. ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ ಹಿಂದೆ ಮಲಗಿಸಿದ್ದೆ. ಸಂಜೆ ಜೀವರಕ್ಷಕರು ಇದ್ದ ಹೊತ್ತಿನಲ್ಲಿ ನೀರಿಗೆ ಇಳಿದೆ. ಉಪ್ಪುನೀರು ಕೊಳದ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ, ಇದು ಓದಿ ಗೊತ್ತಿತ್ತು. ಸೊಂಟ ತಾನಾಗಿ ಮೇಲೆ ಬಂದಾಗ ನಂಬಿಕೆ ಬಂತು. ಮಳೆಗಾಲದ ಸಮುದ್ರ ಅಲ್ಲ ಇದು, ಅಲೆ ಚಿಕ್ಕದು. ಆದರೂ ಒಡೆಯುವ ಅಲೆಯ ಎದುರು ನಿಂತರೆ ಅದು ನಮ್ಮನ್ನು ದಡಕ್ಕೆ ಎಸೆಯುತ್ತದೆ. ಅದರ ಕೆಳಗೆ ಮುಳುಗಿ ಆಚೆ ಏಳಬೇಕು. ಸೆಳವಿನಲ್ಲಿ ಸಿಕ್ಕರೆ ದಡದ ಕಡೆಗೆ ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಆಚೆ ಬನ್ನಿ ಅಂತ ಜೀವರಕ್ಷಕರೊಬ್ಬರು ತೋರಿಸಿಕೊಟ್ಟರು.

ಅದೇ ಸಂಜೆ ಸೈಕಲ್ ತಪಾಸಣೆ. ಕಾರ್ಬನ್ ಸೈಕಲ್ಲುಗಳ ಸಾಲಿನಲ್ಲಿ ನನ್ನದು ನಿಂತಿತ್ತು. ಬ್ರೇಕ್ ಹಿಡಿದು ನೋಡಿದರು, ಹೆಲ್ಮೆಟ್ ನೋಡಿದರು, ಆಮೇಲೆ ಹ್ಯಾಂಡಲ್ಲಿನ ತುದಿಗೆ ಕೈ ಹಾಕಿದರು. ಹ್ಯಾಂಡಲ್ ಕೊಳವೆಯ ಬಾಯಿ ತೆರೆದಿದ್ದರೆ ಬಿದ್ದಾಗ ಹೊಟ್ಟೆಗೆ ಚುಚ್ಚಿಕೊಳ್ಳುತ್ತದೆ, ಹಾಗಾಗಿ ಮುಚ್ಚಿರಲೇಬೇಕು. ಅಕ್ಕನ ಮಗ ಅದರ ಮುಚ್ಚಳವನ್ನು ಎಂದೋ ಕಳೆದಿದ್ದ. ನಾನು ಮನೆಯಲ್ಲೇ ರಬ್ಬರ್ ಬಿರಡೆ ಕೆತ್ತಿ ಬಡಿದು ಕೂರಿಸಿದ್ದೆ. ಅವರು ಉಗುರಿನಿಂದ ಎಳೆದು ನೋಡಿ, ಬರಲಿಲ್ಲ ಅಂತ ಖಾತ್ರಿಯಾದ ಮೇಲೆ ಸ್ಟಿಕ್ಕರ್ ಅಂಟಿಸಿದರು.

ಬೆಳಿಗ್ಗೆ ಶಿಳ್ಳೆ ಊದಿದಾಗ ನಾನು ಬೇಕಂತಲೇ ಗುಂಪಿನ ಹಿಂದೆ, ಅಂಚಿನಲ್ಲಿ ನಿಂತಿದ್ದೆ. ಮುಂದಿನವರ ಕಾಲು ಮುಖಕ್ಕೆ ಬಡಿಯದಿದ್ದರೆ ಸಾಕು ಅಂತ. ನೀರೊಳಗೆ ಏನೂ ಕಾಣುವುದಿಲ್ಲ, ಬರೀ ಹಸಿರು ಮಿಶ್ರಿತ ಕಂದು. ಕಣ್ಣೆತ್ತಿದರೆ ಮೊದಲ ಸಲ ದಾರಿ ತೋರಿಸಲು ತೇಲಿಬಿಟ್ಟ ಕಿತ್ತಳೆ ಬಣ್ಣದ ಬುರುಡೆ ಕಾಣಲೇ ಇಲ್ಲ, ಎದುರಿಗೆ ನೀರಿನ ಗೋಡೆ. ಅಲೆಯ ಹಳ್ಳದಲ್ಲಿದ್ದಾಗ ನೋಡಿ ಉಪಯೋಗವಿಲ್ಲ, ಅದು ನಮ್ಮನ್ನು ಎತ್ತಿದಾಗ ನೋಡಬೇಕು. ಎರಡನೇ ಸಲ ಅಲೆ ಎತ್ತುವವರೆಗೆ ಕಾದೆ, ಕಂಡಿತು. ನನ್ನ ಎಡವಾಲು ಅಲ್ಲೂ ಬಿಟ್ಟಿರಲಿಲ್ಲ. ನಡುವೆ ಒಮ್ಮೆ ಉಪ್ಪುನೀರು ಗಂಟಲಿಗೆ ಹೋಯಿತು. ಪಕ್ಕದಲ್ಲಿ ಕಾಯಕ್ ದೋಣಿಯಲ್ಲಿದ್ದ ಹುಡುಗ ‘ಹಿಡ್ಕೊಳ್ಳಿ ಸರ್’ ಅಂದ. ಅದನ್ನು ಹಿಡಿದು ಸುಧಾರಿಸಿಕೊಂಡರೆ ತಪ್ಪಿಲ್ಲ, ಅದರಿಂದ ಮುಂದೆ ಹೋಗಬಾರದು ಅಷ್ಟೇ. ನಾನು ಕಪ್ಪೆ ಈಜಿಗೆ ಬದಲಾಯಿಸಿ, ಕೆಮ್ಮಿ, ‘ಹೂಂ’ ಅಂತ ಉಸಿರು ಬಿಟ್ಟು ಮುಂದುವರಿದೆ.

ಈಜು ಮುಗಿಸಿ ಸೈಕಲ್ ನಿಲ್ಲಿಸಿದ ಜಾಗಕ್ಕೆ ಮರಳಿನಲ್ಲಿ ಓಡಿ ಬಂದಾಗ ಕಾಲಿಗೆ ಮರಳು ಅಂಟಿರುತ್ತದೆ. ಅದರ ಮೇಲೆ ಶೂ ಹಾಕಿದರೆ ಓಟದಲ್ಲಿ ಗುಳ್ಳೆ ಗ್ಯಾರಂಟಿ. ಒಂದು ಬಾಟಲಿ ನೀರು, ಹಳೆ ಪಂಚೆಯ ತುಂಡು ಇಟ್ಟಿದ್ದೆ. ಇಲ್ಲಿ ಕ್ರಮ ಮುಖ್ಯ: ಮೊದಲು ಹೆಲ್ಮೆಟ್ ಹಾಕಿ ಕ್ಲಿಪ್ ಬಿಗಿಯಬೇಕು, ಆಮೇಲೆ ಸೈಕಲ್ ಮುಟ್ಟಬೇಕು. ಸೈಕಲ್ ಹತ್ತಲು ಗುರುತು ಮಾಡಿದ ಗೆರೆ ದಾಟುವ ತನಕ ತಳ್ಳಿಕೊಂಡೇ ಹೋಗಬೇಕು. ಇದನ್ನೆಲ್ಲ ಮನೆಯ ಮಹಡಿಯ ಮೇಲೆ ಟವೆಲ್ ಹಾಸಿ ರೂಢಿ ಮಾಡಿದ್ದರಿಂದ ಕೈ ತಾನಾಗಿ ನಡೆಯಿತು. ಪಕ್ಕದವರೊಬ್ಬರು ಭಾರಿ ಬೆಲೆಯ ಶೂಗೆ ಒದ್ದೆ ಕಾಲು ತುರುಕಲು ಒದ್ದಾಡುತ್ತಿದ್ದರು.

ಸೈಕಲ್ಲಿನಲ್ಲಿ ತುಂಬಾ ಜನ ನನ್ನನ್ನು ದಾಟಿ ಹೋದರು, ‘ಸುಂಯ್’ ಅಂತ ಸದ್ದು ಕೇಳುತ್ತಿತ್ತು ಅಷ್ಟೇ. ಅವರ ಹಿಂದೆ ಗಾಳಿ ಮರೆಗೆ ಅಂಟಿಕೊಂಡು ಹೋಗುವ ಹಾಗಿಲ್ಲ, ದಂಡ ಬೀಳುತ್ತದೆ. ಆದರೆ ಎಂಟಿಬಿಯ ನೇರ ಹ್ಯಾಂಡಲ್ಲು ತಿರುವುಗಳಲ್ಲಿ ಧೈರ್ಯ ಕೊಡುತ್ತದೆ. ರಸ್ತೆ ಕಿತ್ತುಹೋದ ಒಂದು ಜಾಗದಲ್ಲಿ ಅವರೆಲ್ಲ ನಿಧಾನ ಮಾಡಿದಾಗ ನಾನು ಹಾಗೇ ನುಗ್ಗಿದೆ. ಓಟದಲ್ಲಿ ಕರಾವಳಿಯ ಸೆಕೆ. ಮೈಸೂರಿನವನಿಗೆ ಅದು ಒಗ್ಗುವುದಿಲ್ಲ. ಬೆವರು ಆರುವುದೇ ಇಲ್ಲ. ನೀರು ಕೊಡುವ ಕಡೆಯಲ್ಲೆಲ್ಲ ಒಂದು ಲೋಟ ಬಾಯಿಗೆ, ಒಂದು ತಲೆಗೆ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ, ಸೈಕಲ್ಲಿನಲ್ಲಿ ನನ್ನನ್ನು ದಾಟಿದ್ದ ಇಬ್ಬರನ್ನು ಹಿಂದೆ ಹಾಕಿದೆ. ಇದನ್ನು ಹೇಳದೆ ಇರಲಾರೆ.

ಒಟ್ಟು 1 ಗಂಟೆ 51 ನಿಮಿಷ. ಅದರಲ್ಲಿ ಈಜು 22, ಸೈಕಲ್ 50. ರೋಡ್ ಬೈಕ್ ಇದ್ದಿದ್ದರೆ ಏಳೆಂಟು ನಿಮಿಷ ಉಳಿಯುತ್ತಿತ್ತೇನೋ. ಒಂದು ನಿಮಿಷಕ್ಕೆ ಎಷ್ಟು ಸಾವಿರ ಬೀಳುತ್ತದೆ ಅಂತ ಲೆಕ್ಕ ಹಾಕಿ ಗೆಳೆಯನಿಗೆ ಹೇಳಿದೆ, ಅವನಿಗೆ ನಗು ಬರಲಿಲ್ಲ. ನನ್ನ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದು ರೇಸಿನ ಪ್ರವೇಶ ಶುಲ್ಕ, ಅದರ ನಂತರ ಈಜುಕೊಳದ ಫೀಜು.

ವಾಪಸು ಬಂದ ಮಾರನೇ ದಿನ ಸಿಹಿನೀರಿನಲ್ಲಿ ಸೈಕಲ್ ತೊಳೆದರೂ ಕಡ್ಡಿಗಳ ಬುಡದಲ್ಲಿ ತುಕ್ಕು ಕಾಣಿಸಿತ್ತು. ಕಡಲ ಗಾಳಿ ಒಂದೇ ರಾತ್ರಿ ಸಾಕು. ಭಾಯ್ ಚೈನನ್ನು ಬೆರಳಿನಿಂದ ಎಳೆದು ನೋಡಿ, ‘ಚೈನ್ ಹಿಗ್ಗಿಬಿಟ್ಟಿದೆ ಸಾರ್, ಫ್ರೀವೀಲ್ ಹಲ್ಲೂ ಸವೆದಿದೆ. ಒಂದು ಹಾಕಿ ಒಂದು ಬಿಟ್ರೆ ಜಾರ್ತದೆ, ಎರಡೂ ಒಟ್ಟಿಗೆ ಹಾಕಿ’ ಅಂದರು. ಗೆಳೆಯ ಮುಂದಿನ ಸಲ 40 ಕಿಲೋಮೀಟರ್ ಸೈಕಲ್ ಇರುವ ದೊಡ್ಡದಕ್ಕೇ ಹೋಗೋಣ ಅನ್ನುತ್ತಿದ್ದಾನೆ. ಸಂಬಳದ ವಾರ ತರಿಸಿಡಿ ಅಂತ ಭಾಯ್‌ಗೆ ಹೇಳಿ ಬಂದಿದ್ದೇನೆ.